ಚುಚ್ಚದೆ ಬಿಟ್ಟ ಕೋಳಿಗಳು

ಕೋಳಿ ಎದ್ದು ನಿಲ್ಲಲು ನೋಡುತ್ತಿದೆ. ಆಗುತ್ತಿಲ್ಲ. ಮೂರು ವಾರದ ಹಿಂದೆ ಇದೇ ಕೋಳಿ ಅಂಗಳದ ಮಣ್ಣು ಕೆದರುತ್ತಿತ್ತು, ಪಕ್ಕದ ಕೋಳಿಯ ಕೊಕ್ಕಿನಿಂದ ಕಾಳು ಕಿತ್ತು ಓಡುತ್ತಿತ್ತು. ಈಗ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಎರಡು ಹೆಜ್ಜೆ ಇಟ್ಟು ತೂರಾಡುತ್ತದೆ. ಅಡ್ಡಗೋಲಿನ ಮೇಲೆ ಕೂರಿಸಿದರೆ ಬೆರಳಿಗೆ ಹಿಡಿತವಿಲ್ಲದೆ ಜಾರಿ ಬೀಳುತ್ತದೆ. ನಾಳೆಗೋ ನಾಡಿದ್ದಿಗೋ ಒಂದು ಮಗ್ಗುಲಿಗೆ ಮಲಗಿಬಿಡುತ್ತದೆ. ಆಮೇಲೆ ರೆಕ್ಕೆ ಸೋಲುತ್ತದೆ, ಕತ್ತು ಸೋಲುತ್ತದೆ, ಜುಟ್ಟಿನ ಕೆಂಪು ನೀಲಿಗೆ ತಿರುಗುತ್ತದೆ. ಉಸಿರು ಎಳೆದೆಳೆದು ಒಂದು ಬೆಳಗ್ಗೆ ನಿಂತೇಹೋಗುತ್ತದೆ.

ಊರು ಬಟಾವಿಯಾ, ಇಂದಿನ ಜಕಾರ್ತ. 1880ರ ದಶಕದ ಕೊನೆಯ ವರ್ಷಗಳು. ಜಾವಾ ದ್ವೀಪ ಡಚ್ಚರ ಆಳ್ವಿಕೆಯಲ್ಲಿದೆ. ವೆಲ್ಟೆವ್ರೇಡೆನ್ ಬಡಾವಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ಪುಟ್ಟದೊಂದು ಪ್ರಯೋಗಶಾಲೆ, ಅದಕ್ಕೆ ಸೇರಿದ ಈ ಕೋಳಿಗಳು. ಇವನ್ನು ದಿನವೂ ನೋಡುತ್ತಿರುವವರು ಕ್ರಿಸ್ಟಿಯಾನ್ ಐಕ್‌ಮನ್, ಮೂವತ್ತರ ಆಸುಪಾಸಿನ ಸೇನಾ ವೈದ್ಯ.

ಕೋಳಿಗಳಿಗೆ ಬಂದದ್ದು ಆಸ್ಪತ್ರೆಯ ಒಳಗೆ ಹಾಸಿಗೆ ಹಿಡಿದ ಮನುಷ್ಯರ ಕಾಯಿಲೆಯ ಹಾಗೇ ಇತ್ತು. ಬೆರಿಬೆರಿ. ಮೊದಲು ಪಾದ ಜೋಮು ಹಿಡಿಯುತ್ತದೆ. ಆಮೇಲೆ ಕಾಲು ಎತ್ತಿಡಲು ಆಗುವುದಿಲ್ಲ. ಕೆಲವರಿಗೆ ಮೈ ಊದಿಕೊಳ್ಳುತ್ತದೆ, ಹೃದಯ ದಣಿಯುತ್ತದೆ, ಸಾವು ಬರುತ್ತದೆ. ಬ್ಯಾರಕ್ಕಿನ ಸೈನಿಕರು, ಹಡಗಿನ ಖಲಾಸಿಗಳು, ಜೈಲಿನ ಕೈದಿಗಳು, ಎಲ್ಲಿ ಜನರನ್ನು ಒಟ್ಟಿಗೆ ಕೂಡಿಹಾಕಿ ಒಂದೇ ಅಡುಗೆಮನೆಯ ಊಟ ಹಾಕುತ್ತಿದ್ದರೋ ಅಲ್ಲೆಲ್ಲ ಇದೇ ಕಾಟ. ಕಾರಣ ಹುಡುಕಲು 1886ರಲ್ಲಿ ಹಾಲೆಂಡಿನಿಂದ ಪೆಕಲ್‌ಹೇರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಬಂದರು. ಅವರಿಗೆ ಸಹಾಯಕರಾಗಿ ಸೇರಿದ ಐಕ್‌ಮನ್, ಅವರು ಹಿಂದಿರುಗಿದ ಮೇಲೆ ಪ್ರಯೋಗಶಾಲೆಯ ಹೊಣೆ ಹೊತ್ತು ಅಲ್ಲೇ ಉಳಿದರು.

ಅದು ರೋಗಾಣುಗಳ ಕಾಲ. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ್ದರು, ಅದರ ಬೆನ್ನಿಗೇ ಕಾಲರಾದ್ದನ್ನು. ಐಕ್‌ಮನ್ ಬರ್ಲಿನ್ನಿನಲ್ಲಿ ಅದೇ ಕಾಖ್ ಬಳಿ ಕಲಿತು ಬಂದವರು. ಹೀಗಾಗಿ ಬೆರಿಬೆರಿಗೂ ಒಂದು ರೋಗಾಣು ಇದ್ದೇ ಇರಬೇಕು ಎಂಬುದು ಎಲ್ಲರ ಎಣಿಕೆಯಾಗಿತ್ತು. ರೋಗಿಗಳ ರಕ್ತದಲ್ಲಿ ಅಂಥದ್ದೊಂದನ್ನು ಕಂಡೆವು ಎಂದೇ ಆ ಇಬ್ಬರು ವಿಜ್ಞಾನಿಗಳು ನಂಬಿದ್ದರು.

ಶಾಲೆಯ ಪುಸ್ತಕದಲ್ಲಿ ಇಂಥ ಎಣಿಕೆಗೆ ಪ್ರಾಕ್ಕಲ್ಪನೆ ಎಂಬ ಭಾರದ ಹೆಸರಿದೆ. ಊಹೆ ಎಂದರೂ ಸಾಕು, ಆದರೆ ಈ ಊಹೆಗೆ ಒಂದು ಕಟ್ಟುಪಾಡಿದೆ: ಅದು ಸುಳ್ಳಾಗಲು ದಾರಿ ಇರಬೇಕು. ‘ರೋಗಾಣುವೇ ಕಾರಣವಾದರೆ, ಅದನ್ನು ಚುಚ್ಚಿಸಿಕೊಂಡ ಕೋಳಿಗೆ ಕಾಯಿಲೆ ಬರಬೇಕು, ಚುಚ್ಚಿಸಿಕೊಳ್ಳದ ಕೋಳಿಗೆ ಬರಬಾರದು.’ ಈ ಮಾತಿನ ಎರಡನೆಯ ಅರ್ಧವನ್ನು ಗಮನಿಸಬೇಕು. ಮೊದಲ ಅರ್ಧ ಯಾರಿಗಾದರೂ ಹೊಳೆಯುತ್ತದೆ. ಪ್ರಯೋಗವನ್ನು ಪ್ರಯೋಗವಾಗಿಸುವುದು ಎರಡನೆಯ ಅರ್ಧ.

ಐಕ್‌ಮನ್ ಹಾಗೆಯೇ ಮಾಡಿದರು. ಕೆಲವು ಕೋಳಿಗಳಿಗೆ ಚುಚ್ಚಿದರು, ಕೆಲವನ್ನು ಚುಚ್ಚದೆ ಬಿಟ್ಟರು. ಹೀಗೆ ಬಿಟ್ಟ ಗುಂಪೇ ಕಂಟ್ರೋಲ್. ಪ್ರಯೋಗದ ಗುಂಪಿನ ಎದುರಿಗೆ ನಿಲ್ಲಿಸಿದ ಸಾಕ್ಷಿ ಅದು. ಗೂಡು ಒಂದೇ, ಮೇವು ಒಂದೇ, ಬಿಸಿಲು ಗಾಳಿ ಒಂದೇ. ಬದಲಾಗಿರುವುದು ಒಂದು ಸೂಜಿ ಮಾತ್ರ.

ವಾರಗಳು ಕಳೆದವು. ಚುಚ್ಚಿದ ಕೋಳಿಗಳು ಬಿದ್ದವು. ಐಕ್‌ಮನ್ ಎದುರಿನ ಗುಂಪಿನತ್ತ ತಿರುಗಿ ನೋಡಿದರು. ಚುಚ್ಚದ ಕೋಳಿಗಳೂ ಬಿದ್ದಿದ್ದವು.

ಇಂಥ ಗಳಿಗೆ ಬಂದಾಗಲೇ ವಿಜ್ಞಾನಿಯ ನಿಯತ್ತು ಗೊತ್ತಾಗುವುದು. ಚುಚ್ಚಿದ ಕೋಳಿಗಳ ಲೆಕ್ಕವನ್ನಷ್ಟೇ ಬರೆದು, ‘ರೋಗಾಣು ಸಿಕ್ಕಿತು’ ಎಂದು ಸಾರಿದ್ದರೆ ಯುರೋಪು ಚಪ್ಪಾಳೆ ತಟ್ಟುತ್ತಿತ್ತು. ಐಕ್‌ಮನ್ ಹಾಗೆ ಮಾಡಲಿಲ್ಲ. ಬಹುಶಃ ಒಂದರಿಂದ ಇನ್ನೊಂದಕ್ಕೆ ಅಂಟಿರಬಹುದು ಎಂದುಕೊಂಡು ಚುಚ್ಚದ ಕೋಳಿಗಳನ್ನು ಒಂದೊಂದಾಗಿ ಬೇರೆ ಬೇರೆ ಗೂಡಿನಲ್ಲಿಟ್ಟರು. ಅವೂ ಬಿದ್ದವು. ಹಾಗಾದರೆ ಇಡೀ ಜಾಗಕ್ಕೇ ಸೋಂಕು ತಗುಲಿದೆಯೇ? ಪ್ರಶ್ನೆ ಹಾಗೇ ಉಳಿಯಿತು. ಆದರೆ ಒಂದು ಮಾತು ಖಚಿತವಾಗಿತ್ತು, ಸೂಜಿಯ ಮೇಲೆ ಹೊರಿಸಿದ ಆರೋಪ ನಿಲ್ಲುತ್ತಿರಲಿಲ್ಲ. ಅದನ್ನು ಹೇಳಿದ್ದು ಚುಚ್ಚದೆ ಬಿಟ್ಟ ಕೋಳಿಗಳು.

ಅಷ್ಟರಲ್ಲಿ ಇನ್ನೊಂದು ಆಶ್ಚರ್ಯ. ನವೆಂಬರಿನ ಕೊನೆಯ ದಿನಗಳಲ್ಲಿ ಕಾಯಿಲೆ ತಾನಾಗಿ ನಿಂತುಹೋಯಿತು. ಹೊಸ ಕೋಳಿಗಳು ಬೀಳಲಿಲ್ಲ, ಬಿದ್ದವು ಚೇತರಿಸಿಕೊಂಡವು. ಪ್ರಯೋಗಕ್ಕೆ ಕಾಯಿಲೆಯೇ ಇಲ್ಲ! ಔಷಧಿ ಕೊಟ್ಟವರಿಲ್ಲ, ಗೂಡು ಬದಲಿಸಿದವರಿಲ್ಲ. ಹಾಗಿದ್ದರೆ ಬದಲಾದದ್ದು ಏನು?

ಉತ್ತರ ಅಡುಗೆಮನೆಯಲ್ಲಿತ್ತು. ಪ್ರಯೋಗಶಾಲೆಯ ಮೇಲ್ವಿಚಾರಕ ಖರ್ಚು ಉಳಿಸಲೆಂದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಅನ್ನ ತಂದು ಕೋಳಿಗಳಿಗೆ ಹಾಕುತ್ತಿದ್ದ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಅದು. ಆಮೇಲೆ ಅಡುಗೆಯವನು ಬದಲಾದ. ಹೊಸಬನಿಗೆ ಇದು ಸರಿಬೀಳಲಿಲ್ಲ. ಸೇನೆಯ ಅನ್ನವನ್ನು ಸೇನೆಗೆ ಸೇರದ ಕೋಳಿಗೆ ಕೊಡುವುದಿಲ್ಲ ಎಂದುಬಿಟ್ಟ. ಕೋಳಿಗಳು ಮತ್ತೆ ಮೊದಲಿನ ಅಗ್ಗದ ಮೇವಿಗೆ ಹೋದವು. ಐಕ್‌ಮನ್ ತಾರೀಖುಗಳನ್ನು ಹುಡುಕಿ ಜೋಡಿಸಿದರು. ಆಸ್ಪತ್ರೆಯ ಅನ್ನ ಹಾಕಿದ್ದು ಜೂನ್ 17ರಿಂದ ನವೆಂಬರ್ 27ರವರೆಗೆ. ಕಾಯಿಲೆ ಕಾಣಿಸಿಕೊಂಡದ್ದು ಜುಲೈ 10ಕ್ಕೆ, ಅಂದರೆ ಅನ್ನ ಶುರುವಾಗಿ 23 ದಿನಕ್ಕೆ. ನಿಂತದ್ದು ನವೆಂಬರಿನ ಕೊನೆಗೆ. ಯಾರ ಕಣ್ಣಿಗೂ ಬೀಳದೆ ಬದಲಾಗುತ್ತಿದ್ದ ಚರಾಂಶ ಮೇವಿನ ಬಟ್ಟಲಲ್ಲಿ ಕೂತಿತ್ತು.

ಚರಾಂಶ ಅಂದರೆ ವೇರಿಯಬಲ್, ಬದಲಾಗಬಲ್ಲದ್ದು. ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅದರಿಂದಾಗಿ ಬದಲಾಗುತ್ತದೆಯೇ ಎಂದು ನಾವು ಅಳೆಯುವುದು ಅವಲಂಬಿತ ಚರ. ಮಿಕ್ಕಿದ್ದನ್ನೆಲ್ಲ ಇದ್ದ ಹಾಗೇ ಹಿಡಿದಿಡಬೇಕು. ಹೇಳಲು ಸುಲಭ. ಆದರೆ ಲೋಕದಲ್ಲಿ ಯಾವುದೂ ನಾವು ಇಟ್ಟ ಹಾಗೇ ಇರುವುದಿಲ್ಲ. ಅಡುಗೆಯವನು ಬದಲಾಗುತ್ತಾನೆ, ಮಳೆ ಹಿಡಿಯುತ್ತದೆ, ಕಾಳು ಹಾಕುವ ಕೈ ಬದಲಾಗುತ್ತದೆ.

ತಾರೀಖು ಕೂಡಿಬಂತೆಂದು ಐಕ್‌ಮನ್ ಸುಮ್ಮನಾಗಲಿಲ್ಲ. ಮೇವು ಬದಲಾದಾಗ ಕಾಯಿಲೆಯೂ ಬದಲಾಯಿತು ಎಂಬುದು ಸುಳಿವು ಮಾತ್ರ, ತೀರ್ಪಾಗುವುದಿಲ್ಲ. ಅಂದಿನಿಂದ ವರ್ಷಗಟ್ಟಲೆ ನಡೆದದ್ದು ಒಂದೊಂದೇ ಗಂಟು ಬಿಚ್ಚುವ ಕೆಲಸ.

ಬೇಯಿಸಿದ್ದರಿಂದ ಕೆಟ್ಟಿತೇ? ಅದೇ ಪಾಲಿಶ್ ಅಕ್ಕಿಯನ್ನು ಬೇಯಿಸದೆ ಹಾಕಿ ನೋಡಿದರು. ಕೋಳಿ ಬಿತ್ತು. ಬೇಯಿಸುವುದರ ತಪ್ಪಲ್ಲ. ಹೊಟ್ಟು ಮಾತ್ರ ತೆಗೆದು, ಕೆಂಪು ಪೊರೆ ಉಳಿಸಿದ ಅಕ್ಕಿ ಹಾಕಿದರು. ಕೋಳಿ ನಿಂತಿತು. ಪಾಲಿಶ್ ಅಕ್ಕಿಗೆ, ಅದರಿಂದಲೇ ಉಜ್ಜಿ ತೆಗೆದ ತೌಡನ್ನು ಮತ್ತೆ ಬೆರೆಸಿದರು. ಬಿದ್ದ ಕೋಳಿಯೂ ಎದ್ದಿತು. ಅಕ್ಕಿಯೇ ಬೇಡವೆಂದು ಸಾಬೂದಾನಿಯಂಥ ಬರೀ ಪಿಷ್ಟ ಹಾಕಿದರು. ಮತ್ತೆ ಬಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಎದುರಿಗೊಂದು ಹೋಲಿಕೆ.

ಈ ತೌಡನ್ನು ನಾವೂ ಒಂದು ಗಳಿಗೆ ಹತ್ತಿರದಿಂದ ನೋಡಬೇಕು. ಒಂದು ಹಿಡಿ ಭತ್ತವನ್ನು ಒರಳಿಗೆ ಸುರಿದು ಒನಕೆಯಲ್ಲಿ ಕುಟ್ಟಿದರೆ ಮೊದಲು ಬಿಡುವುದು ಹೊಟ್ಟು. ಮೊರದಲ್ಲಿ ಕೇರಿದರೆ ಅದು ಹಾರಿಹೋಗುತ್ತದೆ. ಉಳಿದ ಅಕ್ಕಿಯ ಮೈಮೇಲೆ ತೆಳ್ಳನೆಯ ಕಂದು ಪೊರೆ ಇರುತ್ತದೆ. ಬೆರಳ ನಡುವೆ ಉಜ್ಜಿದರೆ ತುಸು ಒರಟು, ಒಂದಿಷ್ಟು ಜಿಡ್ಡು, ಮೂಗಿಗೆ ಹಿಡಿದರೆ ಕೊಟ್ಟಿಗೆಯ ನೆನಪು ತರುವ ವಾಸನೆ. ಕೊಟ್ಟಣದ ಅಕ್ಕಿಯಲ್ಲಿ ಈ ಪೊರೆ ಅರ್ಧಂಬರ್ಧ ಉಳಿಯುತ್ತದೆ. ಗಿರಣಿಗೆ ಹಾಕಿ ಪಾಲಿಶ್ ಮಾಡಿದರೆ ಹಾಲಿನಂಥ ಬಿಳುಪು ಬರುತ್ತದೆ, ಪೊರೆಯೆಲ್ಲ ತೌಡಾಗಿ ಉದುರುತ್ತದೆ. ತೌಡು ದನದ ಬಾನಿಗೆ, ಬಿಳಿ ಅಕ್ಕಿ ಮನುಷ್ಯರ ತಟ್ಟೆಗೆ. ಪ್ರಾಣ ಉಳಿಸುವ ಪದಾರ್ಥ ದನಕ್ಕೆ ಹೋಗುತ್ತಿತ್ತು.

ಕೋಳಿಗೆ ನಿಜವಾದದ್ದು ಮನುಷ್ಯನಿಗೂ ನಿಜವೇ? ಜಾವಾದ ಜೈಲುಗಳನ್ನು ಬಲ್ಲ ವೈದ್ಯಾಧಿಕಾರಿ ಅಡಾಲ್ಫ್ ವೋರ್ಡರ್‌ಮನ್ 1896ರಲ್ಲಿ ಈ ಪ್ರಶ್ನೆ ಹಿಡಿದು ಹೊರಟರು. ಒಂದೊಂದು ಜೈಲಿಗೂ ಹೋಗಿ ಅಲ್ಲಿ ಬೇಯಿಸುವ ಅಕ್ಕಿಯ ಮಾದರಿ ತಂದು, ಕಾಳಿನ ಮೇಲೆ ಪೊರೆ ಎಷ್ಟು ಉಳಿದಿದೆ ಎಂದು ನೋಡಿದರು. ನೂರರಷ್ಟು ಜೈಲು, ಸುಮಾರು 2,80,000 ಕೈದಿಗಳ ಲೆಕ್ಕ. ಪೊರೆ ಉಳಿದ ಅಕ್ಕಿ ಉಣ್ಣುವ 37 ಜೈಲುಗಳಲ್ಲಿ ಬೆರಿಬೆರಿ ಕಂಡದ್ದು 1ರಲ್ಲಿ. ಪಾಲಿಶ್ ಅಕ್ಕಿ ಉಣ್ಣುವ 51 ಜೈಲುಗಳಲ್ಲಿ 36ರಲ್ಲಿ. ಅವರು ಅಕ್ಕಿಯನ್ನಷ್ಟೇ ನೋಡಿ ಮನೆಗೆ ಬರಲಿಲ್ಲ ಎಂಬುದು ಮುಖ್ಯ. ಕಟ್ಟಡ ಹಳೆಯದೇ ಹೊಸದೇ, ನೆಲ ಎಂಥದ್ದು, ಗಾಳಿ ಆಡುತ್ತದೆಯೇ, ಒಂದು ಕೋಣೆಗೆ ಎಷ್ಟು ಜನ, ಇವನ್ನೂ ಬರೆದುಕೊಂಡರು. ಬೇರೆ ಚರಾಂಶಗಳಲ್ಲಿ ಯಾವುದಾದರೂ ಅಕ್ಕಿಯ ಮುಖವಾಡ ಹಾಕಿಕೊಂಡು ಬಂದಿದೆಯೇ ಎಂದು ಪರೀಕ್ಷಿಸಿದರು. ಅವುಗಳಿಗೂ ಕಾಯಿಲೆಗೂ ನಂಟು ಕಾಣಲಿಲ್ಲ.

ಅಷ್ಟೆಲ್ಲ ಆದಮೇಲೂ ಐಕ್‌ಮನ್ ಕಾರಣ ಹೇಳುವಾಗ ತಪ್ಪಿದರು. ಪಿಷ್ಟದಲ್ಲಿ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂಬುದು ಅವರ ಹೊಸ ಊಹೆ. ಆರೋಗ್ಯ ಕೆಟ್ಟು 1896ರಲ್ಲಿ ಅವರು ಹಾಲೆಂಡಿಗೆ ಮರಳಿದರು. ಅವರ ಜಾಗದಲ್ಲಿ ಕೆಲಸ ಮುಂದುವರಿಸಿದ ಖೆರಿಟ್ ಖ್ರೈನ್ಸ್ ಆ ಊಹೆಯನ್ನೂ ಪರೀಕ್ಷೆಗೆ ಒಡ್ಡಿದರು. ಪಿಷ್ಟವೇ ವಿಷವಾದರೆ ಪಿಷ್ಟವಿಲ್ಲದ ಆಹಾರದಲ್ಲಿ ಕಾಯಿಲೆ ಬರಬಾರದು. ಮಾಂಸವನ್ನು ಅತಿಯಾದ ಶಾಖದಲ್ಲಿ ಬಹಳ ಹೊತ್ತು ಬೇಯಿಸಿ ಹಾಕಿದರು. ಕೋಳಿಗಳು ಬಿದ್ದವು. ಪಾಲಿಶ್ ಅಕ್ಕಿಗೆ ಹೆಸರುಕಾಳು ಸೇರಿಸಿದರು. ಕೋಳಿಗಳು ನಿಂತವು. ವಿಷವೆಂಬುದು ಇರಲೇ ಇಲ್ಲ, ಇದ್ದದ್ದು ಕೊರತೆ. ಆಹಾರದಲ್ಲಿ ಒಂದಿಷ್ಟೇ ಬೇಕಾದ, ಆದರೆ ಬೇಕೇ ಬೇಕಾದ ಏನೋ ಒಂದು ತೌಡಿನಲ್ಲಿಯೂ ಹೆಸರುಕಾಳಿನಲ್ಲಿಯೂ ಇದೆ ಎಂದು 1901ರಲ್ಲಿ ಖ್ರೈನ್ಸ್ ಬರೆದರು.

ಕಥೆ ಅಲ್ಲಿಂದ ಮಲಯಾಕ್ಕೆ ದಾಟಿತು. ಕೌಲಾಲಂಪುರದ ಮನೋರೋಗಿಗಳ ಆಸ್ಪತ್ರೆಯಲ್ಲಿ 1905ರ ಡಿಸೆಂಬರಿನಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಊಟದ ಚಪ್ಪರದಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದರು. ಬೆಸ ಸಂಖ್ಯೆಯವರು ಅಂಗಳದ ಒಂದು ಕಡೆಯ ವಾರ್ಡಿಗೆ, ಸಮ ಸಂಖ್ಯೆಯವರು ಇನ್ನೊಂದು ಕಡೆಗೆ. ಊಟ ಎರಡೂ ಕಡೆ ಒಂದೇ, ಅಕ್ಕಿ ಮಾತ್ರ ಬೇರೆ. ಒಂದು ಕಡೆ ಬಿಳಿ ಅಕ್ಕಿ, ಇನ್ನೊಂದು ಕಡೆ ಭಾರತದಿಂದ ಬಂದ ಕುಚ್ಚಲಕ್ಕಿ. ಕಟ್ಟಡದಲ್ಲೇ ದೋಷವಿರಬಹುದು ಎಂಬ ಅನುಮಾನಕ್ಕೂ ಎಡೆ ಬೇಡವೆಂದು ನಡುವೆ ಎರಡೂ ಗುಂಪುಗಳ ವಾರ್ಡನ್ನು ಅದಲುಬದಲು ಮಾಡಿದರು. ಕಾಯಿಲೆ ಕಟ್ಟಡವನ್ನು ಹಿಡಿದು ಉಳಿಯಲಿಲ್ಲ, ಅಕ್ಕಿಯ ಹಿಂದೆಯೇ ಹೋಯಿತು. ವರ್ಷದ ಕೊನೆಗೆ ಲೆಕ್ಕ ಹೀಗಿತ್ತು: ಬಿಳಿ ಅಕ್ಕಿ ಉಂಡ 120 ಜನರಲ್ಲಿ ಹಲವರಿಗೆ ಬೆರಿಬೆರಿ, 18 ಸಾವು. ಕುಚ್ಚಲಕ್ಕಿ ಉಂಡ 123 ಜನರಲ್ಲಿ ಕಾಯಿಲೆ ಇದ್ದದ್ದು ಇಬ್ಬರಿಗೆ, ಆ ಇಬ್ಬರೂ ಆಸ್ಪತ್ರೆಗೆ ಬರುವಾಗಲೇ ಅದನ್ನು ಹೊತ್ತು ಬಂದವರು.

ನಮ್ಮ ಕರಾವಳಿಯ ಅಜ್ಜಿಯರು ಭತ್ತವನ್ನು ನೆನೆಸಿ, ಹಂಡೆಯಲ್ಲಿ ಕುಚ್ಚಿ, ಅಂಗಳದಲ್ಲಿ ಒಣಗಿಸುತ್ತಿದ್ದಾಗ ಆಗುತ್ತಿದ್ದದ್ದು ಇದೇ. ಬಿಸಿನೀರು ಪೊರೆಯ ಸತ್ವವನ್ನು ಕಾಳಿನ ಒಳಕ್ಕೆ ಇಳಿಸುತ್ತದೆ. ಆಮೇಲೆ ಗಿರಣಿ ಪೊರೆಯನ್ನು ಕಿತ್ತರೂ ಬಹುಪಾಲು ಸತ್ವ ಒಳಗೇ ಉಳಿಯುತ್ತದೆ. ಆ ಸತ್ವಕ್ಕೆ ಹೆಸರು ಬಂದದ್ದು ಬಹಳ ತಡವಾಗಿ. 1926ರಲ್ಲಿ ಐಕ್‌ಮನ್ ಕೆಲಸ ಮಾಡಿದ ಅದೇ ಪ್ರಯೋಗಶಾಲೆಯಲ್ಲಿ ಯಾನ್ಸನ್ ಮತ್ತು ಡೊನಾತ್ ತೌಡಿನಿಂದ ಅದರ ಹರಳುಗಳನ್ನು ಬೇರ್ಪಡಿಸಿದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ಆಂಧ್ರದ ನೆಲ್ಲೂರಿನಲ್ಲಿ. ಆ ಸತ್ವವೇ ಥಯಾಮಿನ್, ಅಂದರೆ ಬಿ1 ವಿಟಮಿನ್. 1929ರ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಐಕ್‌ಮನ್‌ಗೆ ಸಂದಿತು.

ಕೌಲಾಲಂಪುರದ ಆ 18 ಸಾವುಗಳನ್ನು ಬರೆದು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಸಾಲಿನಲ್ಲಿ ನಿಂತ ಆ ರೋಗಿಗಳನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ತಾವು ಬೆಸವೋ ಸಮವೋ ಎಂಬುದರ ಮೇಲೆ ತಮ್ಮ ಜೀವ ನಿಂತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಇಂದು ಮನುಷ್ಯರ ಮೇಲೆ ಪ್ರಯೋಗ ಮಾಡಬೇಕಾದರೆ ವಿವರಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ನೈತಿಕ ಸಮಿತಿ ಒಪ್ಪಬೇಕು, ಒಂದು ಗುಂಪಿಗೆ ಹಾನಿಯಾಗುತ್ತಿದೆ ಎಂದು ಕಂಡರೆ ನಡುವೆಯೇ ನಿಲ್ಲಿಸಬೇಕು. ಕಂಟ್ರೋಲ್ ಗುಂಪಿನಲ್ಲಿರುವವರೂ ಮನುಷ್ಯರೇ ಎಂಬುದನ್ನು ಲೋಕ ಕಲಿತದ್ದು ಇಂಥ ಬೆಲೆ ತೆತ್ತು.

ಈ ಕೋಳಿಗಳ ಕಥೆ ನನಗೆ ನೆನಪಾದದ್ದು ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ. ಥರ್ಮಕೋಲಿನ ಜ್ವಾಲಾಮುಖಿ, ಬಲ್ಬು ಮಿನುಗುವ ಸೌರವ್ಯೂಹ, ಮಳೆನೀರು ಕೊಯ್ಲಿನ ಮನೆ, ಎಲ್ಲದರ ಮುಂದೆಯೂ ಗುಂಪು. ಕೊನೆಯ ಬೆಂಚಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎರಡು ಸ್ಟೀಲಿನ ಲೋಟ ಇಟ್ಟುಕೊಂಡು ಕೂತಿದ್ದಳು. ಎರಡರಲ್ಲೂ ಒದ್ದೆ ಹತ್ತಿಯ ಮೇಲೆ ಹತ್ತತ್ತು ಹೆಸರುಕಾಳು. ಒಂದು ಲೋಟ ಕಿಟಕಿಯಲ್ಲಿ ಬೆಳೆದದ್ದು: ದಪ್ಪ ದಂಟು, ಹಸಿರು ಎಲೆ. ಇನ್ನೊಂದು ಬೀರುವಿನ ಕತ್ತಲಲ್ಲಿ ಇಟ್ಟದ್ದು: ಮೊಳಕೆಗಳು ಬಾಡಿ ಹತ್ತಿಗೆ ಅಂಟಿಕೊಂಡಿದ್ದವು.

“ಬೆಳಕಿಲ್ಲದೆ ಒಣಗಿತೇನಮ್ಮ?” ಎಂದು ಕೇಳಿದೆ.

ಅವಳು ತಲೆ ಅಲ್ಲಾಡಿಸಿದಳು. “ಹಂಗೆ ಹೇಳಕ್ಕಾಗಲ್ಲ ಸಾರ್. ಶನಿವಾರ ಮಧ್ಯಾಹ್ನ ಬೀರು ಬೀಗ ಹಾಕ್ಬಿಟ್ರು. ಸೋಮವಾರಾನೂ ರಜ ಇತ್ತು. ಕಿಟಕೀದಕ್ಕೆ ಹೊರಗಿಂದ್ಲೇ ಬಂದು ನೀರು ಹಾಕ್ದೆ, ಇದಕ್ಕೆ ಹಾಕಕ್ಕಾಗ್ಲಿಲ್ಲ. ಬೆಳಕೂ ಇಲ್ಲ, ನೀರೂ ಇಲ್ಲ. ಎರಡು ಬದಲಾಗ್ಬಿಡ್ತು. ಇನ್ನೊಂದ್ಸಲ ಇಟ್ಟಿದೀನಿ.”

ಬೆಂಚಿನ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ಮುಚ್ಚಳ ಎತ್ತಿ ತೋರಿಸಿದಳು. ಒಳಗಿದ್ದ ಲೋಟದಲ್ಲಿ ನೀರು ತಪ್ಪದೆ ಬಿದ್ದ ಮೊಳಕೆಗಳು ಕಿಟಕಿಯವುಗಳಿಗಿಂತ ಉದ್ದವಾಗಿ, ನೂಲಿನಂತೆ ತೆಳ್ಳಗೆ, ಹಳದಿ ಬಣ್ಣದಲ್ಲಿ ಬೆಳಕು ಹುಡುಕುತ್ತ ಬಾಗಿದ್ದವು. ಕತ್ತಲು ಗಿಡವನ್ನು ಒಣಗಿಸುವುದಿಲ್ಲ, ಬಣ್ಣ ಕಳೆದು ಉದ್ದಕ್ಕೆ ಎಳೆಯುತ್ತದೆ. ಮೊದಲ ಲೋಟವನ್ನು ನಂಬಿದ್ದರೆ ಅವಳು ತಪ್ಪನ್ನೇ ಕಲಿಯುತ್ತಿದ್ದಳು. ಬಾಡಿದ ಲೋಟವನ್ನೂ ಬಿಸಾಡದೆ ಬೆಂಚಿನ ಮೇಲೇ ಇಟ್ಟಿದ್ದಳು. ಪಕ್ಕದಲ್ಲಿ ನೋಟ್‌ಬುಕ್ಕಿನ ಹಾಳೆ, ದಿನಕ್ಕೊಂದು ಸಾಲು, ಎರಡು ದಿನದ ಎದುರಿಗೆ ‘ನೀರು ಹಾಕಿಲ್ಲ’ ಎಂಬ ದುಂಡಗಿನ ಅಕ್ಷರ.

ಆ ಹಾಳೆಯಲ್ಲಿ ನನಗೆ ಕಂಡದ್ದು ಐಕ್‌ಮನ್ ಜೋಡಿಸಿದ ಜೂನ್ 17, ಜುಲೈ 10, ನವೆಂಬರ್ 27. ಊಹೆ ಎಲ್ಲರಿಗೂ ಬರುತ್ತದೆ. ಅದರ ಎದುರು ಸಾಕ್ಷಿ ನಿಲ್ಲಿಸುವುದನ್ನು, ಆ ಸಾಕ್ಷಿ ತನಗೆ ವಿರುದ್ಧವಾಗಿ ನುಡಿದರೂ ಅದನ್ನು ಬರೆದಿಡುವುದನ್ನು ಕಲಿಯಬೇಕಾಗುತ್ತದೆ. ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದರೆ ಹೊಸ ರಾಗಿ ತಳಿಯ ತಾಕಿನ ಪಕ್ಕದಲ್ಲೇ ಹಳೆಯ ತಳಿಯ ತಾಕೂ ಇರುವುದನ್ನು ಕಾಣಬಹುದು. ಹೊಸದು ಒಳ್ಳೆಯದು ಎಂದು ಹೇಳುವ ಹಕ್ಕು ಬರುವುದು ಹಳೆಯದರ ಪಕ್ಕ ನಿಂತು ಗೆದ್ದ ಮೇಲೆಯೇ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಚರಾಂಶ, ಪ್ರಾಕ್ಕಲ್ಪನೆಗಳ ವ್ಯಾಖ್ಯೆ ಬಾಯಿಪಾಠ ಮಾಡಿಸುವ ಮೊದಲು ಎರಡು ಲೋಟ, ಒಂದು ಹಿಡಿ ಹೆಸರುಕಾಳು ಕೊಡಿ. ಪ್ರಯೋಗ ಕೆಟ್ಟರೆ ಅಂಕ ಕಳೆಯಬೇಡಿ, ಎಲ್ಲಿ ಕೆಟ್ಟಿತು ಎಂದು ಹುಡುಕಿದವರಿಗೆ ಅಂಕ ಕೊಡಿ. ದೊಡ್ಡವರಲ್ಲೂ ಒಂದು ಮಾತು. ‘ಈ ಕಷಾಯ ಕುಡಿದೆ, ವಾರದಲ್ಲಿ ವಾಸಿಯಾಯಿತು’ ಎಂದು ನಾಳೆ ಯಾರಾದರೂ ಹೇಳಿದಾಗ ಅವರನ್ನು ಜರಿಯುವುದೂ ಬೇಡ, ಹಾಗೇ ನಂಬುವುದೂ ಬೇಡ. ಒಂದೇ ಒಂದು ಪ್ರಶ್ನೆ ಕೇಳಿ: ಕುಡಿಯದವರಿಗೆ ಏನಾಯಿತು?